ಕೊನೆಯ ಗಂಟೆ ಇಲ್ಲದ ಶಾಲೆ

ಶಾಲೆ ಬಿಡುವ ಗಂಟೆಗೆ ಒಂದು ಗುಣವುಂಟು. ಅದನ್ನು ಕೇಳಿ ಮಕ್ಕಳು ಹಿಗ್ಗುವರೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಉಪಾಧ್ಯಾಯರಿಗೂ ಅದರಿಂದ ನೆಮ್ಮದಿಯಾಗುವುದೆಂಬುದನ್ನು ಅವರು ಬಾಯಿಬಿಟ್ಟು ಹೇಳರು. ಜಗಲಿಯ ತೊಲೆಗೆ ತೂಗಹಾಕಿದ ಕಬ್ಬಿಣದ ಹಳಿಯ ತುಂಡಿನ ಮೇಲೆ ಸರಳಿನಿಂದ ಬಡಿದಾಗ ಹೊರಡುವ ಆ ನಾದ, ಒಂದು ದಿನದ ದುಡಿಮೆಗೆ ಇಟ್ಟ ಪೂರ್ಣವಿರಾಮ. ಅದಾದ ಬಳಿಕ ಉಪಾಧ್ಯಾಯನು ಗೃಹಸ್ಥನಾಗುತ್ತಿದ್ದನು, ಉಪಾಧ್ಯಾಯಿನಿ ತಾಯಿಯಾಗುತ್ತಿದ್ದಳು. ತಿದ್ದಬೇಕಾದ ಪುಸ್ತಕಗಳ ಕಟ್ಟೊಂದು ಕಂಕುಳಲ್ಲಿ ಮನೆಗೆ ಬರುತ್ತಿದ್ದುದು ನಿಜ. ಆದರೆ ಆ ಕಟ್ಟು ಮಾತನಾಡುತ್ತಿರಲಿಲ್ಲ; ಊಟದ ನಡುವೆ ಕೂಗಿ ಕರೆಯುತ್ತಿರಲಿಲ್ಲ; ಮಲಗಿದವರನ್ನು ತಟ್ಟಿ ಎಬ್ಬಿಸುತ್ತಿರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಶಾಲೆಗಳಲ್ಲಿ ಇಂದಿಗೂ ಸಂಜೆಯ ಗಂಟೆ ಕೇಳಿಸುತ್ತದೆ. ಮಕ್ಕಳು ಮೊದಲಿನಂತೆಯೇ ಚೀಲ ಹೊತ್ತು ಓಡುತ್ತಾರೆ. ಉಪಾಧ್ಯಾಯರ ಮಟ್ಟಿಗೆ ಮಾತ್ರ ಅದು ಅರ್ಥವನ್ನು ಕಳೆದುಕೊಂಡಿದೆ. ಅವರ ಜೇಬಿನಲ್ಲಿ, ಕೈಚೀಲದಲ್ಲಿ ಮತ್ತೊಂದು ಶಾಲೆ ತೆರೆದುಕೊಂಡಿದೆ. ಅದಕ್ಕೆ ಮೊದಲ ಗಂಟೆಯೂ ಇಲ್ಲ, ಕೊನೆಯ ಗಂಟೆಯೂ ಇಲ್ಲ. ಭಾನುವಾರವೂ ಇಲ್ಲ, ದಸರೆಯೂ ಇಲ್ಲ. ಮೊಬೈಲ್ ಎಂಬ ಅಂಗೈಯಗಲದ ಆ ಶಾಲೆ ಉಪಾಧ್ಯಾಯರ ಕಣ್ಣು, ಕೊರಳು, ನಿದ್ರೆ, ನೆಮ್ಮದಿಗಳನ್ನು ಯಾವ ಬಗೆಯಲ್ಲಿ ಸವೆಸುತ್ತಿದೆ ಎಂಬುದು, ಮಕ್ಕಳನ್ನು ಶಾಲೆಗೆ ಕಳುಹಿಸುವ ಪ್ರತಿಯೊಂದು ಮನೆಯೂ ವಿಚಾರಿಸಬೇಕಾದ ವಿಷಯ.

ವಿದ್ಯೆಯ ನೆಲ

ಈ ಮೂರು ತಾಲ್ಲೂಕುಗಳು ವಿದ್ಯೆಗೆ ಹೊಸಬಲ್ಲ. 1430ರ ಸಾವಿರ ಕಂಬದ ಬಸದಿಯಿಂದ ಹೆಸರಾದ ಮೂಡುಬಿದಿರೆ, ಜೈನರ ಧವಳ ಗ್ರಂಥಗಳ ತಾಳೆಯೋಲೆಯ ಪ್ರತಿಗಳನ್ನು ಶತಮಾನಗಳ ಕಾಲ ಜತನದಿಂದ ಕಾಪಾಡಿದ ಊರು. ಬೆಳ್ತಂಗಡಿ ತಾಲ್ಲೂಕಿನ ಉಜಿರೆ ಇಂದು ವಿದ್ಯಾಲಯಗಳ ಪೇಟೆ. ನೇತ್ರಾವತಿಯ ದಡದ ಬಂಟ್ವಾಳವಂತೂ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ ಊರು. ಮಕ್ಕಳಿಗಾಗಿ ಕನ್ನಡದಲ್ಲಿ ಹಾಡು ಕಟ್ಟಿದ, ಕಥೆ ಹೇಳಿದ ಈ ಮಹನೀಯರು ವೃತ್ತಿಯಿಂದ ಉಪಾಧ್ಯಾಯರು. ಮುಂದೆ ಶಾಲೆಗಳ ತನಿಖಾಧಿಕಾರಿಯೂ ಆಗಿದ್ದರು.

ಆ ಕಾಲದ ತನಿಖೆಯೆಂಬುದೇ ಒಂದು ಉತ್ಸವ. ಇನ್‌ಸ್ಪೆಕ್ಟರರು ಬರುವರೆಂದರೆ ಶಾಲೆಯ ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿಯ ಸಾರಣೆ, ಮಕ್ಕಳಿಗೆ ಒಗೆದ ಅಂಗಿ. ಅವರು ಬಂದು, ಮಕ್ಕಳನ್ನು ಪ್ರಶ್ನಿಸಿ, ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೋದರೆಂದರೆ ಉಪಾಧ್ಯಾಯರ ಎದೆಬಡಿತ ಮುಂದಿನ ಭೇಟಿಯವರೆಗೆ ಸಮಸ್ಥಿತಿಗೆ ಬರುತ್ತಿತ್ತು. ಇಂದಿನ ತನಿಖಾಧಿಕಾರಿ ಬರುವವನೂ ಅಲ್ಲ, ಹೋಗುವವನೂ ಅಲ್ಲ. ಅವನು ಜೇಬಿನಲ್ಲಿಯೇ ವಾಸವಾಗಿದ್ದಾನೆ. ಬೆಳಗ್ಗೆ ಹಾಜರಿಯ ಲೆಕ್ಕ ಕೇಳುತ್ತಾನೆ, ಮಧ್ಯಾಹ್ನ ಉಂಡವರ ಲೆಕ್ಕ ಕೇಳುತ್ತಾನೆ, ಸಂಜೆ ಕಾರ್ಯಕ್ರಮದ ಚಿತ್ರ ಕೇಳುತ್ತಾನೆ, ರಾತ್ರಿ ‘ತುರ್ತು’ ಎಂಬ ಶಿರೋನಾಮೆಯಡಿಯಲ್ಲಿ ನಾಳೆ ಹತ್ತು ಗಂಟೆಯೊಳಗೆ ತುಂಬಬೇಕಾದ ನಮೂನೆಯೊಂದನ್ನು ಕಳುಹಿಸುತ್ತಾನೆ.

ಯಂತ್ರವು ಬಂದ ಬಗೆ

ಈ ಯಂತ್ರ ಒಂದೇ ದಿನದಲ್ಲಿ ಶಾಲೆಯನ್ನು ಹೊಕ್ಕದ್ದಲ್ಲ. ದೇಶದ ಶಾಲೆಗಳ ಲೆಕ್ಕವನ್ನೆಲ್ಲ ಒಂದುಗೂಡಿಸುವ ಯುಡೈಸ್ ಎಂಬ ವ್ಯವಸ್ಥೆ 2012-13ರಲ್ಲಿ ಬಂದಿತು. 2018-19ರಿಂದ ಅದೇ ಯುಡೈಸ್ ಪ್ಲಸ್ ಆಗಿ ಅಂತರ್ಜಾಲವನ್ನೇರಿತು. ಕರ್ನಾಟಕದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯ ಜಾತಕವನ್ನು ಬರೆದಿಡುವ ಸ್ಯಾಟ್ಸ್ ಬಂದಿತು. ಪಾಠಗಳನ್ನೂ ಉಪಾಧ್ಯಾಯರ ತರಬೇತಿಯನ್ನೂ ಒದಗಿಸುವ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು, ಉಪಾಧ್ಯಾಯರ ದಿನದಂದೇ, ಪ್ರಾರಂಭವಾಯಿತು. ವಿದ್ಯಾರ್ಥಿವೇತನಕ್ಕೆ ಒಂದು ಜಾಲತಾಣ, ಬಿಸಿಯೂಟಕ್ಕೆ ಒಂದು, ಮಗುವಿಗೆ 12 ಅಂಕಿಗಳ ‘ಅಪಾರ್’ ಗುರುತುಸಂಖ್ಯೆ ಮಾಡಿಸಲು ಮತ್ತೊಂದು. ಒಂದೊಂದಕ್ಕೂ ಪ್ರತ್ಯೇಕ ಗುಪ್ತಪದ, ಪ್ರತ್ಯೇಕ ಗಡುವು.

ಇವುಗಳಲ್ಲಿ ಒಂದೊಂದೂ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ್ದು. ಅಕ್ಕಿ ಕದ್ದುಹೋಗಬಾರದು, ವಿದ್ಯಾರ್ಥಿವೇತನ ನೇರವಾಗಿ ಮಗುವಿಗೆ ಸೇರಬೇಕು, ಶಾಲೆ ಬಿಟ್ಟ ಹುಡುಗಿಯ ಹೆಸರು ಲೆಕ್ಕದಿಂದ ಮಾಯವಾಗಬಾರದು. ಇದನ್ನು ಅಲ್ಲವೆನ್ನುವವರಾರು? ಆದರೆ ಹತ್ತು ಒಳ್ಳೆಯ ಉದ್ದೇಶಗಳು ಒಬ್ಬನೇ ಮನುಷ್ಯನ ಹೆಗಲೇರಿದಾಗ ಆ ಹೆಗಲಿನ ಅಳತೆಯನ್ನು ಯಾರಾದರೂ ತೆಗೆಯಬೇಕು. ಹಾಗೆ ಅಳತೆ ತೆಗೆಯುವ ಜಾಲತಾಣವೊಂದು ಮಾತ್ರ ಇನ್ನೂ ಹುಟ್ಟಿಲ್ಲ.

ಚಾರ್ಮಾಡಿ ಘಟ್ಟದ ಬುಡದಲ್ಲಿ, ಅಥವಾ ಶಿಶಿಲ, ದಿಡುಪೆಗಳ ಕಡೆಯಲ್ಲಿ, ಇಬ್ಬರೇ ಉಪಾಧ್ಯಾಯಿನಿಯರಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಬಹುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ಆಕಾಶವೇ ಕಳಚಿ ಬೀಳುವ ಮಳೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 4000 ಮಿಲಿಮೀಟರು. ಮರ ಬಿದ್ದರೆ ವಿದ್ಯುತ್ತಿಲ್ಲ. ವಿದ್ಯುತ್ತಿಲ್ಲದಿದ್ದರೆ ಮೊಬೈಲಿನ ಸಂಕೇತವಿಲ್ಲ. ಬೆಟ್ಟದ ನೆರಳು ಬಿದ್ದ ಕಡೆ ಬಿಸಿಲುಗಾಲದಲ್ಲಿಯೂ ಸಂಕೇತ ದುರ್ಲಭ. ಮಗುವಿನ ಹೆಸರು ಆಧಾರ್ ಚೀಟಿಯಲ್ಲಿ ಒಂದು ಬಗೆ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಬಗೆ. ತಿದ್ದಬೇಕಾದರೆ ತಂದೆಯ ಮೊಬೈಲಿಗೆ ಗುಪ್ತಸಂಖ್ಯೆ ಬರಬೇಕು. ತಂದೆ ಮುಂಬಯಿಯ ಹೋಟೆಲಿನಲ್ಲಿಯೋ ಕೊಲ್ಲಿಯ ರಾಜ್ಯದಲ್ಲಿಯೋ ದುಡಿಯುತ್ತಾನೆ. ಮಗು ಅಜ್ಜಿಯ ಆಸರೆಯಲ್ಲಿದೆ. ಅವನು ಕೆಲಸ ಮುಗಿಸಿ ದೂರವಾಣಿ ಎತ್ತುವುದು ರಾತ್ರಿ ಹನ್ನೊಂದಕ್ಕೆ. ಅಷ್ಟರಲ್ಲಿ ಗುಪ್ತಸಂಖ್ಯೆಯ ಅವಧಿ ತೀರಿರುತ್ತದೆ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಸಬೇಕಾದ ಗುರು, ಇಂಗ್ಲಿಷಿನ ನಮೂನೆಯೊಂದರ ಮುಂದೆ ಕುಳಿತು, ತಿರುಗುತ್ತಿರುವ ಆ ಸಣ್ಣ ಚಕ್ರವನ್ನೇ ನೋಡುತ್ತಿರುತ್ತಾಳೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಗದ್ದಲ ಮಾಡುತ್ತಿರುತ್ತಾರೆ.

ಕೊಡೆಯ ಕೆಳಗಿನ ಪಾಠ

2020ರ ಮಾರ್ಚಿಯಲ್ಲಿ ಕೋವಿಡ್ ಮಹಾಮಾರಿಯಿಂದಾಗಿ ಶಾಲೆಗಳು ಮುಚ್ಚಿದವು. ಆ ವರ್ಷದ ಜೂನ್ ತಿಂಗಳಿನಲ್ಲಿ ಕರ್ನಾಟಕ ಸರ್ಕಾರವು ಎಳೆಯ ಮಕ್ಕಳಿಗೆ ಅಂತರ್ಜಾಲದ ಪಾಠ ಬೇಡವೆಂದು ತಡೆಯಿತು. ಜುಲೈಯಲ್ಲಿ ಉಚ್ಚ ನ್ಯಾಯಾಲಯವು ಆ ತಡೆಯನ್ನು ತಡೆಹಿಡಿಯಿತು. ಆಗಸ್ಟಿನಲ್ಲಿ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ‘ವಿದ್ಯಾಗಮ’ ಆರಂಭವಾಯಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲೇರಿದ್ದು 2021ರ ಅಕ್ಟೋಬರ್ 25ರಂದು.

ನೆರೆಯ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಕಡೆಯಲ್ಲಿ 2021ರ ಜೂನಿನಲ್ಲಿ ತೆಗೆದ ಒಂದು ಚಿತ್ರ ದೇಶವನ್ನೆಲ್ಲ ಸುತ್ತಿತು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿರುವ ಬಾಲಿಕೆ. ಅವಳಿಗೆ ಕೊಡೆ ಹಿಡಿದು ನಿಂತ ತಂದೆ. ನೋಡಿದವರೆಲ್ಲರೂ ಮರುಗಿದರು, ಮರುಗಬೇಕಾದದ್ದೇ. ಆದರೆ ಆ ಪಾಠದ ಮತ್ತೊಂದು ತುದಿಯಲ್ಲಿ ಕುಳಿತವರ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಮುಖವಿಲ್ಲದ ನಲವತ್ತು ಚೌಕಗಳನ್ನು ನೋಡುತ್ತ, ಕೇಳಿಸುತ್ತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ವಿಚಾರಿಸುತ್ತ, ಅಡಿಗೆಯ ಕೋಣೆಯ ಸದ್ದು ಒಳಗೆ ಬರದಂತೆ ಬಾಗಿಲು ಮುಚ್ಚಿ, ತನ್ನ ಮಕ್ಕಳಿಗೂ ಬೇಕಾಗಿದ್ದ ಒಂದೇ ಮೊಬೈಲನ್ನು ಹಿಡಿದು ಪಾಠ ಹೇಳಿದ ಉಪಾಧ್ಯಾಯಿನಿಯರೆಷ್ಟೋ! ಮಕ್ಕಳ ಕಣ್ಣಿನಲ್ಲಿ ಅರ್ಥವಾದ ಬೆಳಕು ಮೂಡುವುದನ್ನು ನೋಡುವುದೇ ಈ ವೃತ್ತಿಯ ನಿಜವಾದ ಸಂಬಳ. ಆ ಎರಡು ವರ್ಷ ಕೈಗೆ ವೇತನ ಬಂದವರಿಗೂ ಆ ಸಂಬಳ ಬರಲಿಲ್ಲ.

ಮಹಾಮಾರಿ ಹೋಯಿತು, ಶಾಲೆ ತೆರೆಯಿತು. ಆ ದಿನಗಳಲ್ಲಿ ಅನಿವಾರ್ಯವಾಗಿ ಕಟ್ಟಿದ ವಾಟ್ಸಾಪ್ ಗುಂಪುಗಳು ಮಾತ್ರ ಹೋಗಲಿಲ್ಲ. ನೆರೆ ಇಳಿದ ಮೇಲೂ ಅಂಗಳದಲ್ಲಿ ನಿಂತ ನೀರಿನಂತೆ ಅವು ಉಳಿದುಕೊಂಡವು.

ಲಿಪಿಕಾರನ ಬೆನ್ನು

ಶರೀರದ ಮಾತಿಗೆ ಬಂದರೆ, ಇಲ್ಲಿ ಹೊಸ ರೋಗವೇನೂ ಇಲ್ಲ. ಹಳೆಯ ರೋಗವೇ ಹೊಸ ಉಡುಪಿನಲ್ಲಿ ಬಂದಿದೆ. ನಮ್ಮ ದೇಶದ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಓದುಗರಿಗೆ ಒಂದು ಬಿನ್ನಹವನ್ನು ಬರೆದಿಡುವ ವಾಡಿಕೆಯಿತ್ತು. ಬೆನ್ನು, ಸೊಂಟ, ಕೊರಳುಗಳು ಮುರಿಯುವಂತೆ ಕುಳಿತು, ದೃಷ್ಟಿ ಕದಲಿಸದೆ, ತಲೆ ತಗ್ಗಿಸಿ ಕಷ್ಟಪಟ್ಟು ಬರೆದದ್ದು, ಜೋಪಾನವಾಗಿ ಕಾಪಾಡಿ, ಎಂಬುದು ಅದರ ತಾತ್ಪರ್ಯ. ಇಂದು ಮೊಬೈಲ್ ಹಿಡಿದವರು ವೈದ್ಯರ ಮುಂದೆ ಒಪ್ಪಿಸುವ ದೂರೂ ಅಕ್ಷರಶಃ ಇದೇ: ಬೆನ್ನು, ಕೊರಳು, ಕಣ್ಣು.

ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜೀನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ಹಿಗ್ಗಿಸಿದಾಗ ಗುಮಾಸ್ತರ ಕಷ್ಟಗಳನ್ನೂ ಸೇರಿಸಿದನು. ಅವರ ಬೇನೆಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕುಳಿತಿರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ಬಗೆಯಲ್ಲಿ ಆಡಿಸುವುದು, ಲೆಕ್ಕದಲ್ಲಿ ತಪ್ಪು ಬಿದ್ದೀತೆಂಬ ಎಚ್ಚರದಿಂದ ಮನಸ್ಸು ಬಿಗಿದಿರುವುದು. ಸ್ಯಾಟ್ಸ್‌ನಲ್ಲಿ ಮಗುವಿನ ಹುಟ್ಟಿದ ದಿನವನ್ನು ತುಂಬುವ ಉಪಾಧ್ಯಾಯರ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಯಾರು ವರ್ಣಿಸಿಯಾರು?

ಕಣ್ಣಿನ ವಿಷಯ ನೋಡಿ. ಮನುಷ್ಯನು ಸಾಮಾನ್ಯವಾಗಿ ಮಿನಿಟಿಗೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಒಂದೊಂದು ಬಡಿತವೂ ಕಣ್ಣಿಗೆ ತೇವದ ತೆಳು ಪೊರೆಯನ್ನು ಹೊದಿಸುತ್ತದೆ. ಬೆಳಗುವ ಪರದೆಯನ್ನು ದಿಟ್ಟಿಸುವಾಗ ಈ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯುವುದುಂಟು. ಕಣ್ಣು ಒಣಗಿ, ಮರಳು ಬಿದ್ದಂತೆ ಚುಚ್ಚುತ್ತದೆ. ಅದಲ್ಲದೆ ನಲವತ್ತು ದಾಟಿದವರ ಕಣ್ಣಿನ ಮಸೂರ ಬಿರುಸಾಗುವುದರಿಂದ ಹತ್ತಿರದ ಸಣ್ಣ ಅಕ್ಷರಗಳನ್ನು ಹಿಡಿಯುವುದು ಕಷ್ಟವಾಗುತ್ತದೆ. ದೊಡ್ಡ ಪರದೆಗಾಗಿ ರಚಿಸಿದ ನಮೂನೆಯನ್ನು ಅಂಗೈಯಗಲದ ಪರದೆಯಲ್ಲಿ ತುಂಬುವ ಹಿರಿಯ ಉಪಾಧ್ಯಾಯರು ಹುಬ್ಬು ಗಂಟಿಕ್ಕಿ, ತಲೆನೋವನ್ನು ತಂದುಕೊಳ್ಳುವುದರಲ್ಲಿ ಆಶ್ಚರ್ಯವೇನು?

ಇನ್ನು ಕೊರಳು. ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ತಲೆ ನೆಟ್ಟಗಿರುವಾಗ ಬೆನ್ನೆಲುಬು ಆ ಭಾರವನ್ನು ಸುಲಭವಾಗಿ ಹೊರುತ್ತದೆ. ನ್ಯೂಯಾರ್ಕಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಗಣಕಯಂತ್ರದ ಮಾದರಿಯೊಂದರಿಂದ ಹಾಕಿದ ಲೆಕ್ಕದಂತೆ, ತಲೆಯನ್ನು 60 ಡಿಗ್ರಿಯಷ್ಟು ಬಗ್ಗಿಸಿದಾಗ ಕೊರಳಿನ ಮೇಲೆ ಬೀಳುವ ಭಾರ ಸುಮಾರು 27 ಕಿಲೋ. ಇದು ಲೆಕ್ಕದ ಮಾತೇ ಹೊರತು ತಕ್ಕಡಿಯಲ್ಲಿ ತೂಗಿದ್ದಲ್ಲ. ಆದರೂ ಅಕ್ಕಿಯ ಚೀಲವೊಂದನ್ನು ಕೊರಳಿಗೆ ಕಟ್ಟಿಕೊಂಡು ಲೆಕ್ಕ ತುಂಬುವ ಚಿತ್ರವನ್ನು ಅದು ಕಣ್ಣಮುಂದೆ ತರುತ್ತದೆ. ಹೆಬ್ಬೆರಳೊಂದರಿಂದಲೇ ದಿನವೆಲ್ಲ ಒತ್ತುವವರಿಗೆ ಆ ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಕಾಣಿಸಿಕೊಳ್ಳುವುದೂ ಉಂಟು.

ಇಷ್ಟಾದರೂ ಓಲೆಯ ಲಿಪಿಕಾರನಿಗೆ ಒಂದು ಭಾಗ್ಯವಿತ್ತು. ಹೊತ್ತು ಮುಳುಗಿ ದೀಪದ ಎಣ್ಣೆ ತೀರಿದರೆ ಅವನು ಕಂಠವನ್ನು ಕೆಳಗಿಟ್ಟು ಮಲಗಬಹುದಾಗಿತ್ತು. ಇಂದಿನ ಓಲೆ ತನ್ನ ದೀಪವನ್ನು ತಾನೇ ಹೊತ್ತು ತರುತ್ತದೆ.

ಕಾಣದ ಬೇನೆ

ಶರೀರದ ನೋವಿಗೆ ಎಣ್ಣೆಯೋ ಲೇಪವೋ ದೊರೆತೀತು. ಮನಸ್ಸಿನ ದಣಿವು ಕಾಣಿಸುವುದಿಲ್ಲ. ಆದಕಾರಣ ಅದನ್ನು ಯಾರೂ ಕೇಳುವುದೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರೇಗ್ ಬ್ರಾಡ್ 1984ರಷ್ಟು ಹಿಂದೆಯೇ ಇದಕ್ಕೆ ‘ಟೆಕ್ನೋಸ್ಟ್ರೆಸ್’ ಎಂಬ ಹೆಸರನ್ನು ಬಳಕೆಗೆ ತಂದನು. ಯಂತ್ರದೊಂದಿಗೆ ಹೊಂದಿಕೊಳ್ಳಲಾರದೆ ಮನಸ್ಸು ಪಡುವ ಬವಣೆಯೆಂದು ಅದನ್ನು ಅರ್ಥಮಾಡಬಹುದು. ಅನಂತರದ ಸಂಶೋಧಕರು ಅದರ ಬೇರುಗಳನ್ನು ಐದಾಗಿ ವಿಂಗಡಿಸಿದರು: ಯಂತ್ರವು ಕೆಲಸವನ್ನು ಹೆಚ್ಚಿಸುವುದು, ಮನೆಯೊಳಗೆ ನುಗ್ಗುವುದು, ತಿಳಿಯದಷ್ಟು ಜಟಿಲವಾಗುವುದು, ತನಗಿಂತ ಬಲ್ಲವರು ಮುಂದೆ ಹೋದಾರೆಂಬ ಭಯ, ಇಂದು ಕಲಿತದ್ದು ನಾಳೆ ಬದಲಾಗುವುದೆಂಬ ಅನಿಶ್ಚಯ.

ಈ ಐದರಲ್ಲಿ ಉಪಾಧ್ಯಾಯರನ್ನು ಹೆಚ್ಚು ಕುಗ್ಗಿಸುವುದು ಬಹುಶಃ ನಾಲ್ಕನೆಯದು. ಮೂವತ್ತು ವರ್ಷ ಕಲಿಸಿದ ಗುರುವೊಬ್ಬನು ಮಗುವಿನ ಉಚ್ಚಾರಣೆ ಕೇಳಿದ ಮಾತ್ರಕ್ಕೆ ಅದಕ್ಕೆ ಕಿವಿ ಮಂದವೋ, ಹೊಟ್ಟೆ ಹಸಿದಿದೆಯೋ ಎಂಬುದನ್ನು ಹೇಳಬಲ್ಲನು. ಆ ಜಾಣ್ಮೆಗೆ ಯಾವ ಜಾಲತಾಣದಲ್ಲಿಯೂ ಅಂಕಣವಿಲ್ಲ. ಆದರೆ ಚಿತ್ರವನ್ನು ಕಿರಿದಾಗಿಸಿ ಏರಿಸಲು ತಿಳಿಯದೆ, ಹೊಸದಾಗಿ ಸೇರಿದ ತರುಣನ ಮುಂದೆ ಕೈಕಟ್ಟಿ ನಿಲ್ಲಬೇಕಾಗಿ ಬಂದಾಗ, ಅವನು ತನ್ನ ಕಣ್ಣಿಗೆ ತಾನೇ ಚಿಕ್ಕವನಾಗುತ್ತಾನೆ. ಗುರುವಿನ ಆತ್ಮಗೌರವಕ್ಕೆ ಬಿದ್ದ ಪೆಟ್ಟು ತರಗತಿಯನ್ನು ಮುಟ್ಟದೆ ಇರುವುದಿಲ್ಲ.

ಇದರ ಮೇಲೆ ನಿದ್ರೆಯ ನಷ್ಟ. ಮಲಗುವ ಮುನ್ನ ಬೆಳಗುವ ಪರದೆಯಲ್ಲಿ ಓದಿದವರನ್ನೂ ಅಚ್ಚಿನ ಪುಸ್ತಕ ಓದಿದವರನ್ನೂ ಹೋಲಿಸಿ ಅಮೆರಿಕದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಪರದೆ ನೋಡಿದವರಿಗೆ ನಿದ್ದೆ ಹತ್ತುವುದು ಸುಮಾರು 10 ಮಿನಿಟು ತಡವಾಯಿತು. ನಿದ್ರೆಯ ಹೊತ್ತನ್ನು ಶರೀರಕ್ಕೆ ಸೂಚಿಸುವ ಮೆಲಟೋನಿನ್ ಎಂಬ ರಸದ ಸ್ರವಿಕೆಯ ಗಡಿಯಾರ ಒಂದೂವರೆ ಗಂಟೆಯಷ್ಟು ಹಿಂದಕ್ಕೆ ಸರಿಯಿತು. ಅವರು ಓದಿದ್ದು ಕೇವಲ ಪುಸ್ತಕ. ಮಲಗುವ ಹೊತ್ತಿಗೆ ‘ಈ ಕೆಳಗಿನ ಶಾಲೆಗಳು ಮಾಹಿತಿ ಸಲ್ಲಿಸಿಲ್ಲ’ ಎಂಬ ಪಟ್ಟಿಯಲ್ಲಿ ತನ್ನ ಶಾಲೆಯ ಹೆಸರನ್ನು ಓದಿದವರ ನಿದ್ದೆಯ ಗತಿಯನ್ನು ಓದುಗರೇ ಊಹಿಸಿಕೊಳ್ಳಬೇಕು.

ಕಾನೂನಿನ ಬೇಲಿ

2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣವು ಒಂದು ಬೇಲಿಯನ್ನು ಹಾಕಿದೆ. ದಶವಾರ್ಷಿಕ ಜನಗಣತಿ, ವಿಪತ್ತಿನ ಪರಿಹಾರ, ಚುನಾವಣೆ – ಈ ಮೂರನ್ನು ಬಿಟ್ಟು ಶಿಕ್ಷಣಕ್ಕೆ ಸೇರದ ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ನೇಮಿಸಕೂಡದೆಂಬುದು ಅದರ ಆಶಯ. ಆದರೆ ಬೆರಳ ತುದಿಯಲ್ಲಿ ಮಾಡುವ ಕೆಲಸಕ್ಕೆ ಈ ಬೇಲಿ ಅಡ್ಡಬರುವುದಿಲ್ಲ. ಶಾಲೆಯೊಳಗೆ ಕುಳಿತು ತುಂಬುವ ಲೆಕ್ಕವನ್ನು ಶಿಕ್ಷಣವೆಂದೇ ಹೇಳಿಬಿಡಬಹುದು.

2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಮನೆಮನೆಗೆ ಹೋಗಿ ಮೊಬೈಲಿನಲ್ಲಿ ವಿವರ ತುಂಬುವ ಹೊಣೆ ಬಹುಪಾಲು ಉಪಾಧ್ಯಾಯರ ಮೇಲೆಯೇ ಬಿದ್ದಿತು. ಆರಂಭದ ದಿನಗಳಲ್ಲಿ ತಂತ್ರಾಂಶ ತಡವರಿಸಿತು. ಸಂಕೇತ ಸಿಕ್ಕದ ಕಡೆಗಳಲ್ಲಿ ಕೆಲಸ ನಿಂತಿತು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕೆಲಸ ಮುಗಿಯದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ಬೆಳೆಸಬೇಕಾಯಿತು. ಮಕ್ಕಳಿಗೆ ಅದು ರಜೆ. ಅವರ ಗುರುಗಳಿಗೆ ಗುಡ್ಡ ಹತ್ತಿಳಿಯುವ ದುಡಿಮೆ. ಈ ಮೂರು ತಾಲ್ಲೂಕುಗಳಲ್ಲಿ ಮನೆಗಳು ಬೀದಿಯ ಸಾಲಿನಲ್ಲಿರುವುದಿಲ್ಲ, ತೋಟಕ್ಕೊಂದು, ದಿಬ್ಬಕ್ಕೊಂದು. ಒಂದು ಮನೆಯಿಂದ ಇನ್ನೊಂದಕ್ಕೆ ಅಡಿಕೆಯ ತೋಟ ದಾಟಿ, ಸಂಕ ದಾಟಿ ಹೋಗಬೇಕು. 2027ರ ಜನಗಣತಿಯೂ ಮೊಬೈಲಿನ ಮೂಲಕವೇ ನಡೆಯುವುದೆಂದು ಸಾರಲಾಗಿದೆ. ದೇಶಕ್ಕೆ ಗಣತಿ ಬೇಕು. ಎಣಿಸುವವರ ಆಯಾಸವೂ ಎಣಿಕೆಗೆ ಬರಬೇಕು.

ಯಂತ್ರದ ಮೇಲೆ ಕೋಪವೇಕೆ?

ಹಾಗೆಂದು ಯಂತ್ರವನ್ನು ನೇತ್ರಾವತಿಗೆ ಎಸೆಯಬೇಕೆಂದು ಯಾರೂ ಹೇಳುತ್ತಿಲ್ಲ. ಜ್ವಾಲಾಮುಖಿಯನ್ನು ಕಾಣದ ಮಗುವಿಗೆ ಅದನ್ನು ತರಗತಿಯಲ್ಲಿಯೇ ತೋರಿಸುವ ಶಕ್ತಿ ಅದಕ್ಕುಂಟು. ಪಠ್ಯಪುಸ್ತಕದ ಚೌಕಳಿಯ ಗುರುತನ್ನು ಮೊಬೈಲಿಗೆ ತೋರಿಸಿದರೆ ಪಾಠವೇ ಎದ್ದು ಬರುತ್ತದೆ. ಒಂದೇ ಶಾಲೆಯಲ್ಲಿ ಒಂಟಿಯಾಗಿರುವ ಉಪಾಧ್ಯಾಯನಿಗೆ ನೂರು ಜನ ಸಹೋದ್ಯೋಗಿಗಳ ಸಲಹೆ ದೊರಕುತ್ತದೆ. ಗಣಕಯಂತ್ರದಲ್ಲಿ ಕನ್ನಡ ಬರೆಯುವ ಕೀಲಿಮಣೆಯ ವಿನ್ಯಾಸವನ್ನು ಕನ್ನಡಿಗರಿಗೆ ಕೊಟ್ಟ ಕೆ. ಪಿ. ರಾಯರು ಇದೇ ಜಿಲ್ಲೆಯ ಕಿನ್ನಿಕಂಬಳದವರು. ಯಂತ್ರವು ಮನುಷ್ಯನ ಕೈಗೆ ಹೊಂದಬೇಕೇ ಹೊರತು ಮನುಷ್ಯನ ಕೈ ಯಂತ್ರಕ್ಕಲ್ಲ ಎಂಬುದನ್ನು ಅವರ ಕೀಲಿಮಣೆಯೇ ತೋರಿಸಿತು. ಉಲಿದಂತೆ ಬರೆಯಲು ಅದು ದಾರಿ ಮಾಡಿತು. ಯುನೆಸ್ಕೋ ಸಂಸ್ಥೆಯು ಶಿಕ್ಷಣದಲ್ಲಿ ತಂತ್ರಜ್ಞಾನವನ್ನು ಕುರಿತು 2023ರಲ್ಲಿ ಹೊರತಂದ ವರದಿ ತನ್ನ ಹೆಸರಿನಲ್ಲಿಯೇ ಕೇಳಿದ ಪ್ರಶ್ನೆಯೂ ಇದೇ: ಈ ಸಾಧನ ಯಾರ ಷರತ್ತಿನಂತೆ ನಡೆಯಬೇಕು?

ದೋಷವಿರುವುದು ಉಪಕರಣದಲ್ಲಲ್ಲ, ಅದಕ್ಕೆ ಗಂಟೆ ಕಟ್ಟದಿರುವುದರಲ್ಲಿ. ಗರಗಸಕ್ಕೂ ಬಿಡುವುಂಟು, ಗಾಣದ ಎತ್ತಿಗೂ ಬಿಡುವುಂಟು.

ಗಂಟೆಯನ್ನು ಹಿಂದಿರುಗಿಸುವ ಬಗೆ

ಉಪಾಧ್ಯಾಯರು ತಮಗೆ ತಾವೇ ಮಾಡಿಕೊಳ್ಳಬಹುದಾದ ಉಪಚಾರ ಕೆಲವುಂಟು. 20 ಮಿನಿಟಿಗೊಮ್ಮೆ, 20 ಅಡಿಗೂ ಆಚೆಗಿನ ವಸ್ತುವನ್ನು, 20 ಸೆಕೆಂಡುಗಳ ಕಾಲ ನೋಡಬೇಕೆಂದು ನೇತ್ರವೈದ್ಯರು ಹೇಳುವರು. ಬೆಳ್ತಂಗಡಿಯವರಿಗೆ ನೋಡಲು ಗಡಾಯಿಕಲ್ಲಿದೆ, ಬಂಟ್ವಾಳದವರಿಗೆ ನದಿಯ ಆಚೆಯ ದಡವಿದೆ, ಮೂಡುಬಿದಿರೆಯವರಿಗೆ ಬಸದಿಯ ಮಾಡುಗಳಿವೆ. ದೂರದೃಷ್ಟಿಗೆ ಈ ನಾಡಿನಲ್ಲಿ ಬಡತನವಿಲ್ಲ. ಮೊಬೈಲನ್ನು ಮಡಿಲಿನಲ್ಲಿಡದೆ ಮುಖದ ಮಟ್ಟಕ್ಕೆ ಎತ್ತಿ ಹಿಡಿಯುವುದು, ದೀರ್ಘವಾದ ನಮೂನೆಯನ್ನು ದೊಡ್ಡ ಪರದೆಯಲ್ಲಿಯೇ ತುಂಬುವುದು, ನಲವತ್ತರ ಬಳಿಕ ಕಾಲಕಾಲಕ್ಕೆ ಕಣ್ಣನ್ನು ಪರೀಕ್ಷಿಸಿಕೊಳ್ಳುವುದು, ಮಲಗುವುದಕ್ಕೆ ಒಂದು ಗಂಟೆ ಮುಂಚೆ ಪರದೆಯನ್ನು ಆರಿಸುವುದು – ಇವಕ್ಕೆ ಖರ್ಚು ಹೆಚ್ಚಿಲ್ಲ. ನೀಲಿ ಬೆಳಕನ್ನು ತಡೆಯುವುದೆಂದು ಹೇಳಿ ಮಾರುವ ಕನ್ನಡಕಗಳ ಮೋಹಕ್ಕೆ ಮಾತ್ರ ಬೀಳಬೇಕಾದದ್ದಿಲ್ಲ. ಅವುಗಳನ್ನು ಕುರಿತ ಪ್ರಯೋಗಗಳನ್ನೆಲ್ಲ 2023ರಲ್ಲಿ ಒರೆಗೆ ಹಚ್ಚಿ ನೋಡಿದ ಕಾಕ್ರೇನ್ ಸಮೀಕ್ಷೆಗೆ, ಕಣ್ಣಿನ ದಣಿವು ಅವುಗಳಿಂದ ಕಡಿಮೆಯಾಗುವಂತೆ ಕಂಡುಬರಲಿಲ್ಲ.

ಆದರೆ ಹೊರೆ ಹೇರಿದವರು ಹೊರೆ ಇಳಿಸದೆ, ಹೊರುವವನಿಗೆ ವ್ಯಾಯಾಮ ಹೇಳಿಕೊಟ್ಟರೆ ಸಾಲದು. ಒಂದು ಜಾಲತಾಣದಲ್ಲಿ ಒಮ್ಮೆ ತುಂಬಿದ ವಿವರವನ್ನು ಮತ್ತೊಂದಕ್ಕೆ ಯಂತ್ರವೇ ಒಯ್ಯಬೇಕು, ಯಂತ್ರವಿರುವುದು ಅದಕ್ಕಾಗಿಯೇ. ನಮೂನೆಗಳು ಕನ್ನಡದಲ್ಲಿರಬೇಕು. ಕೆಲವು ಶಾಲೆಗಳಿಗೆ ಸೇರಿ ಒಬ್ಬ ಗುಮಾಸ್ತನಿದ್ದರೆ ಹಲವು ಗುರುಗಳು ತರಗತಿಗೆ ಮರಳುವರು. ಸಂಜೆಯ ಬಳಿಕ ಹೊರಡಿಸಿದ ಆಜ್ಞೆಗೆ ಮರುದಿನ ಬೆಳಗಿನ ಗಡುವಿರಕೂಡದು. ಫ್ರಾನ್ಸ್ ದೇಶದಲ್ಲಿ 2017ರ ಜನವರಿ 1ರಿಂದ, ಐವತ್ತು ಮಂದಿಗೆ ಕಡಿಮೆಯಿಲ್ಲದ ಸಂಸ್ಥೆಗಳು ಕೆಲಸದ ವೇಳೆಯ ಹೊರಗೆ ಯಂತ್ರದಿಂದ ದೂರವಿರುವ ನೌಕರರ ಹಕ್ಕನ್ನು ಮಾತುಕತೆಯಿಂದ ಗೊತ್ತುಪಡಿಸಬೇಕೆಂಬ ಕಾನೂನಿದೆ. ಆಸ್ಟ್ರೇಲಿಯ ಇಂಥದೇ ಹಕ್ಕನ್ನು 2024ರ ಆಗಸ್ಟಿನಲ್ಲಿ ಜಾರಿಗೆ ತಂದಿತು. ಭಾರತದ ಲೋಕಸಭೆಯಲ್ಲಿಯೂ 2018ರ ಕೊನೆಯಲ್ಲಿ ಸದಸ್ಯೆಯೊಬ್ಬರು ಇದೇ ಅರ್ಥದ ಖಾಸಗಿ ಮಸೂದೆಯನ್ನು ಮಂಡಿಸಿದರು; ಅದು ಶಾಸನವಾಗಲಿಲ್ಲ.

ಶಾಸನವಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲದ ಒಂದು ಸುಧಾರಣೆಯುಂಟು. ಅದು ಸರ್ಕಾರದ ಕೈಯಲ್ಲಿಲ್ಲ, ಮನೆಗಳ ಕೈಯಲ್ಲಿದೆ. ಉಪಾಧ್ಯಾಯರ ಮೊಬೈಲಿನಲ್ಲಿ ರಾತ್ರಿ ಹತ್ತರ ಮೇಲೆ ಮಿನುಗುವ ಸಂದೇಶಗಳೆಲ್ಲ ಕಚೇರಿಯಿಂದ ಬಂದವಲ್ಲ. ಪಟ್ಟಣದ ಶಾಲೆಗಳಲ್ಲಂತೂ ಅವು ಹೆಚ್ಚಾಗಿ ಬರುವುದು ಸುಶಿಕ್ಷಿತ ಗೃಹಗಳಿಂದ. ನಾಳೆ ಯಾವ ಬಣ್ಣದ ಅಂಗಿ? ನಮ್ಮವನಿಗೆ ಅರ್ಧ ಅಂಕ ಕಡಿಮೆಯಾದದ್ದೇಕೆ? ಮನೆಪಾಠದ ಪುಟ ಮರೆತುಹೋಗಿದೆ, ಕಳುಹಿಸುವಿರಾ? ಕೇಳುವ ತಾಯಿಗೆ ಅದು ಒಂದೇ ಪ್ರಶ್ನೆ. ಉತ್ತರಿಸುವ ಉಪಾಧ್ಯಾಯಿನಿಗೆ ನಲವತ್ತು. ಓದಿದ ಗುರುತು ಬಿದ್ದ ಮೇಲೆ ಉತ್ತರ ಬಾರದಿದ್ದರೆ ಮುನಿಸು ಬೇರೆ. ಹಗಲು ಹೊತ್ತಿನಲ್ಲಿ ಯಾವ ಗುರುವಿನ ಮನೆಯ ಬಾಗಿಲನ್ನು ತಟ್ಟಲು ಸಂಕೋಚಪಡುವರೋ, ಅದೇ ಗುರುವಿನ ಮಲಗುವ ಕೋಣೆಯ ಬಾಗಿಲನ್ನು ನಡುರಾತ್ರಿಯಲ್ಲಿ ಹೆಬ್ಬೆರಳಿನಿಂದ ತಟ್ಟುವುದು ಅಸಭ್ಯವೆಂದು ಸಭ್ಯರಿಗೆ ತೋರದೆ ಹೋಗಿದೆ.

ಮಗುವಿನ ದಿನಚರಿಯ ಪುಸ್ತಕದಲ್ಲಿ ಎರಡು ಸಾಲು ಬರೆದು ಕಳುಹಿಸಬಹುದು. ಮರೆತ ಮನೆಪಾಠವನ್ನು ಪಕ್ಕದ ಮನೆಯ ಸಹಪಾಠಿಯನ್ನು ಕೇಳಿ ತಿಳಿಯುವಂತೆ ಮಗುವಿಗೇ ಹೇಳಬಹುದು; ಅದರಿಂದ ಮಗುವಿಗೆ ಹೊಣೆಯೂ ಬರುತ್ತದೆ, ಗೆಳೆತನವೂ ಬೆಳೆಯುತ್ತದೆ. ಹೆತ್ತವರ ಗುಂಪೊಂದು ಒಟ್ಟಾಗಿ, ಸಂಜೆ ಆರರ ಬಳಿಕ ಉಪಾಧ್ಯಾಯರಿಗೆ ಯಾವ ಸಂದೇಶವನ್ನೂ ಕಳುಹಿಸುವುದಿಲ್ಲವೆಂದು ಗೊತ್ತುಮಾಡಿಕೊಂಡರೆ ಅದಕ್ಕೆ ಸುತ್ತೋಲೆ ಬೇಕಾಗಿಲ್ಲ, ಅನುದಾನ ಬೇಕಾಗಿಲ್ಲ.

ನಿದ್ದೆಗೆಟ್ಟ ಗುರುವಿನ ಸಿಡುಕು ಬೆಳಗ್ಗೆ ಬೀಳುವುದು ಮುಂದಿನ ಸಾಲಿನಲ್ಲಿ ಕುಳಿತ ಮಗುವಿನ ಮೇಲೆ. ಪರದೆಯನ್ನು ನೋಡಿ ನೋಡಿ ಬತ್ತಿದ ಕಣ್ಣಿಗೆ, ಹಿಂದಿನ ಸಾಲಿನಲ್ಲಿ ಸುಮ್ಮನೆ ಅಳುತ್ತಿರುವ ಹುಡುಗಿ ಕಾಣಿಸದೆ ಹೋಗಬಹುದು. ಉಪಾಧ್ಯಾಯರ ಕಣ್ಣು ಅವರೊಬ್ಬರ ಸ್ವತ್ತಲ್ಲ. ಆ ತರಗತಿಯ ಅಷ್ಟೂ ಮಕ್ಕಳ ಪಾಲು ಅದರಲ್ಲಿದೆ. ಅದನ್ನು ಕಾಪಾಡುವುದು ಗುರುವಿಗೆ ತೋರುವ ದಯೆಯಲ್ಲ, ತಮ್ಮ ಮಕ್ಕಳಿಗಾಗಿ ತಾವೇ ಮಾಡಿಕೊಳ್ಳುವ ಉಳಿತಾಯ ಎಂಬುದನ್ನು ಹೆತ್ತವರು ಮನಗಂಡರೆ, ಇಂದು ರಾತ್ರಿಯೇ ಮೂರು ತಾಲ್ಲೂಕುಗಳ ಹಲವು ಮನೆಗಳಲ್ಲಿ ದೀಪಗಳು ಸ್ವಲ್ಪ ಬೇಗನೆ ಆರಿಯಾವು.